ಕಾಂದಿವಲಿಯ ಮೇಲೆ ಕಾಲು ಗಂಟೆಯ ಗಾಳಿ

ಮೇ ತಿಂಗಳ ನಡುವಿನ ಒಂದು ಸಂಜೆ, ನಾಲ್ಕರ ಹೊತ್ತು. ಮುಂಬಯಿಯ ಉಪನಗರ ಕಾಂದಿವಲಿಯ ಸ್ಟೇಷನ್ನಿನ ಪಶ್ಚಿಮ ಬದಿಯಲ್ಲಿ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ರಿಕ್ಷಾದ ಸಾಲಿನಲ್ಲಿ ನಿಂತವರು ಕತ್ತು ಒರೆಸಿಕೊಳ್ಳುತ್ತಾರೆ, ತರಕಾರಿಯವರು ಬಾಡಿದ ಸೊಪ್ಪಿಗೆ ನೀರು ಚಿಮುಕಿಸುತ್ತಾರೆ, ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಫ್ಯಾನಿನ ರೆಗ್ಯುಲೇಟರನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತಾರೆ. ಅಷ್ಟರಲ್ಲಿ ಪೂರ್ವಕ್ಕೆ, ಠಾಕೂರ್ ವಿಲೇಜಿನ ಟವರುಗಳ ಹಿಂದೆ, ರಾಷ್ಟ್ರೀಯ ಉದ್ಯಾನದ ಗುಡ್ಡಗಳ ಮೇಲಿನ ಆಕಾಶ ಮೊದಲು ಬೂದು ಬಣ್ಣಕ್ಕೆ ತಿರುಗಿ ಆಮೇಲೆ ಕಂದಾಗುತ್ತದೆ. ಮೊದಲು ಬರುವುದು ಧೂಳು. ಅದರ ಬೆನ್ನಿಗೇ ತಣ್ಣನೆಯ ಗಾಳಿ.

ಅಂಗಡಿಗಳ ಮುಂದೆ ಕಟ್ಟಿದ ನೀಲಿ ತಾಡಪತ್ರಿಗಳು ಉಬ್ಬಿ ಪಟಪಟ ಬಡಿಯುತ್ತವೆ. ಆರನೇ ಮಹಡಿಯ ಗ್ರಿಲ್ಲಿಗೆ ಒಣಹಾಕಿದ ಬಟ್ಟೆ ರಸ್ತೆಯ ಆಚೆಗೆ ಬೀಳುತ್ತದೆ. ಎಲ್ಲೋ ತಗಡು ಕಿತ್ತುಬಂದ ಸದ್ದು, ಇನ್ನೆಲ್ಲೋ ಗಾಜು ಒಡೆದ ಸದ್ದು. ದಪ್ಪ ಹನಿಯ ಮಳೆ ಐದು ನಿಮಿಷ ಸುರಿದು ನಿಲ್ಲುತ್ತದೆ. ಕಾಲು ಗಂಟೆಯೊಳಗೆ ಎಲ್ಲ ಮುಗಿದು ರಿಕ್ಷಾದ ಸಾಲು ಮತ್ತೆ ಮುಂದೆ ಸರಿಯುತ್ತದೆ. ಅಡ್ಡಬಿದ್ದ ಮರವನ್ನು ಕತ್ತರಿಸಲು ಪಾಲಿಕೆಯ ಲಾರಿ ಬರುವವರೆಗೆ ಒಂದೆರಡು ರಸ್ತೆಗಳಷ್ಟೇ ಬಂದ್.

ಗಾಳಿಯ ವಿಷಯ ಬಂದರೆ ಮುಂಬಯಿಯ ಜನ ನೆನೆಯುವುದು ಹೆಸರಿಟ್ಟ ಚಂಡಮಾರುತಗಳನ್ನು: ಫ್ಯಾನ್, ಓಖಿ, ನಿಸರ್ಗ, ತೌಕ್ತೆ, ಬಿಪರ್‌ಜಾಯ್. ಟಿವಿಯಲ್ಲಿ ಸುಳಿಯ ಚಿತ್ರ ತಿರುಗುತ್ತಿದ್ದರೆ ಎಲ್ಲರೂ ಕಿಟಕಿ ಮುಚ್ಚುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ನಗರದ ನೆಲದ ಮೇಲೆ ಅತಿ ದೊಡ್ಡ ಸಾವುನೋವು ತಂದ ಗಾಳಿಗೆ ಹೆಸರೇ ಇರಲಿಲ್ಲ. ಅದರ ವೇಗವೂ ಕಟ್ಟಡ ಕಟ್ಟುವವರ ನಿಯಮದ ಪುಸ್ತಕದಲ್ಲಿ ಮುಂಬಯಿಗೆಂದು ಬರೆದಿಟ್ಟ ವೇಗದ ಹತ್ತಿರಕ್ಕೂ ಬಂದಿರಲಿಲ್ಲ. ಹಾಗಾಗಿ ಗಾಳಿ ಎಷ್ಟು ಜೋರಾಗಿತ್ತು ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ನಗರ ತನ್ನ ಮೈಮೇಲಿನ ವಸ್ತುಗಳನ್ನು ಎಷ್ಟು ಬಿಗಿಯಾಗಿ ಕಟ್ಟಿಕೊಂಡಿತ್ತು ಎಂದೂ ಕೇಳಬೇಕಾಗುತ್ತದೆ.

ಗುಡ್ಡಕ್ಕೂ ಖಾಡಿಗೂ ನಡುವೆ

ಕಾಂದಿವಲಿಯ ನೆಲವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಗಾಳಿಯ ದಾರಿ ಕಾಣುತ್ತದೆ. ಚಾರ್ಕೋಪಿನ ಅಂಚಿನಲ್ಲಿ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅದರ ದಡದುದ್ದಕ್ಕೂ ಕಾಂಡ್ಲಾ ಕಾಡು; ಆಚೆಗೆ ಮನೋರಿ, ಗೊರಾಯಿ, ತೆರೆದ ಅರಬ್ಬೀ ಸಮುದ್ರ. ಈಚೆಗೆ ಲಿಂಕ್ ರೋಡು, ಎಸ್.ವಿ. ರೋಡು, ರೈಲುಹಳಿ, ಹೈವೇ. ಹೈವೇ ದಾಟಿದರೆ ಆಕುರ್ಲಿ, ಲೋಖಂಡ್‌ವಾಲಾ, ಠಾಕೂರ್ ವಿಲೇಜ್, ಗುಡ್ಡದ ಇಳಿಜಾರಿಗೆ ಅಂಟಿಕೊಂಡ ದಾಮೂ ನಗರದ ತಗಡಿನ ಮನೆಗಳು. ಅಲ್ಲಿಂದ ಮುಂದೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು.

ದಿನನಿತ್ಯದ ಗಾಳಿ ಇಲ್ಲಿ ಸಮುದ್ರದಿಂದ ಬರುತ್ತದೆ. ಬೆಳಗಿನ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಂತೆ ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ. ಅದು ಹನ್ನೊಂದು, ಹನ್ನೆರಡಕ್ಕೆ ಬಂದರೆ ಮಾರ್ಚ್ ತಿಂಗಳೂ ಸಹ್ಯ. ಪೂರ್ವದ ಒಣಗಾಳಿ ಅದನ್ನು ತಡೆದು ಮಧ್ಯಾಹ್ನ ಎರಡರವರೆಗೆ ಬಿಡದಿದ್ದರೆ ಸಾಂತಾಕ್ರೂಜ್‌ನ ಉಷ್ಣಮಾಪಕ ನಲವತ್ತರ ಹತ್ತಿರ ಹೋಗುತ್ತದೆ. ಚಳಿಗಾಲದಲ್ಲಿ ಇದೇ ಗಾಳಿ ಮಂದವಾದರೆ ಕಟ್ಟಡ ಕಾಮಗಾರಿಯ ಧೂಳು ನಗರದ ಮೇಲೆಯೇ ನಿಂತುಬಿಡುತ್ತದೆ. ಗಾಳಿ ಬೀಸಿದರೆ ಬೈಯುವ ಮುಂಬಯಿಕರರು ಅದು ಬೀಸದ ವಾರಗಳಲ್ಲಿ ಕೆಮ್ಮುತ್ತಾರೆ.

ಮೇ ತಿಂಗಳ ಸಂಜೆಯ ಗಾಳಿ ಎದುರು ದಿಕ್ಕಿನದು. ಠಾಣೆ, ಪಾಲ್ಘರ್ ಕಡೆಯ ಒಳನಾಡಿನಲ್ಲಿ, ಸಹ್ಯಾದ್ರಿಯ ಸೆರಗಿನಲ್ಲಿ, ಕಾದ ನೆಲದ ಮೇಲೆ ಕಡಲಿನ ತೇವಾಂಶ ಸೇರಿ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಎದ್ದು ನಿಲ್ಲುತ್ತದೆ. ಮೋಡದೊಳಗೆ ಮಳೆ ಬೀಳತೊಡಗಿದಾಗ ಅದರೊಂದಿಗೆ ತಣ್ಣನೆಯ ಭಾರವಾದ ಗಾಳಿಯೂ ಕೆಳಗೆ ಕುಸಿಯುತ್ತದೆ. ನೆಲಕ್ಕೆ ಬಡಿದ ಆ ಗಾಳಿಗೆ ಹೋಗಲು ಬೇರೆ ದಾರಿಯಿಲ್ಲ, ನಾಲ್ಕೂ ಕಡೆಗೆ ಹರಡುತ್ತದೆ. ಮಳೆಗಿಂತ ಮೊದಲೇ ಬಂದು ಮುಟ್ಟುವ ಧೂಳಿನ ಗೋಡೆ ಆ ಹರಿವಿನ ಮುಂಚೂಣಿ. ಬಿಸಿಲಲ್ಲಿ ನಿಂತವರಿಗೆ ಒಮ್ಮೆಲೇ ಮೈ ತಣ್ಣಗಾದಂತೆ ಅನಿಸುವುದು ಸಾವಿರಾರು ಅಡಿ ಎತ್ತರದಿಂದ ಇಳಿದ ಗಾಳಿ ಸೋಕಿದ್ದಕ್ಕೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಆಳುವುದು ಮೂರನೆಯ ಗಾಳಿ, ಮುಂಗಾರಿನದು. ಪೂರ್ವ ಆಫ್ರಿಕಾದ ಕರಾವಳಿಯಿಂದ ಹೊರಟು, ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ನದಿಯಂತೆ ಹರಿದುಬರುವ ಪ್ರವಾಹ ಅದು. ಅದರ ರಭಸ ಹೆಚ್ಚಿದಾಗ ಗುಜರಾತಿನಿಂದ ಕೇರಳದವರೆಗಿನ ಕರಾವಳಿಗೆ ಸಮಾನಾಂತರವಾಗಿ ಕಡಲಿನ ಮೇಲೆ ಒತ್ತಡ ಕಡಿಮೆಯಾದ ಪಟ್ಟಿಯೊಂದು ಮೂಡುತ್ತದೆ. ಮಂಗಳೂರಿನ ಪತ್ರಿಕೆಗಳಲ್ಲಿ ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ಬರುವ ಸುದ್ದಿಯ ಮೂಲ ಬಹುಪಾಲು ಈ ಪಟ್ಟಿಯೇ. ಅದೇ ದಿನ ಮುಂಬಯಿಯ ಮರಾಠಿ ಪತ್ರಿಕೆಯಲ್ಲೂ ಅದೇ ಸುದ್ದಿ ಇರುತ್ತದೆ.

ಹೆಸರಿಲ್ಲದೆ ಬಂದದ್ದು

2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡ ಜಿಲ್ಲೆಯ ಕರಾವಳಿಗೆ ಅಪ್ಪಳಿಸಿದಾಗ ಮುಂಬಯಿ ಉಸಿರು ಬಿಗಿಹಿಡಿದು ಕಾದಿತ್ತು. ಸುಳಿ ದಕ್ಷಿಣಕ್ಕೇ ನೆಲ ಹತ್ತಿದ್ದರಿಂದ ನಗರಕ್ಕೆ ತಾಗಿದ್ದು ಅಂಚಿನ ಗಾಳಿ ಮಾತ್ರ. ಅಲಿಬಾಗ್, ಮುರುಡ್, ಶ್ರೀವರ್ಧನದ ಅಡಿಕೆ ತೆಂಗಿನ ತೋಟಗಳು ನೆಲಸಮವಾದವು.

ಎರಡು ತಿಂಗಳ ಬಳಿಕ, ಆಗಸ್ಟ್ 5ರಂದು, ಯಾವ ಚಂಡಮಾರುತವೂ ಇಲ್ಲದ ದಿನ ಕೊಲಾಬಾದಲ್ಲಿ ಗಾಳಿ ಗಂಟೆಗೆ 106 ಕಿ.ಮೀ. ಮುಟ್ಟಿತು. ಮುಂಗಾರಿನ ಪ್ರವಾಹ ಬಲಗೊಂಡಿದ್ದು ಕಾರಣ. ಜವಾಹರಲಾಲ್ ನೆಹರೂ ಬಂದರಿನಲ್ಲಿ ಕಂಟೇನರ್ ಎತ್ತುವ ದೈತ್ಯ ಕ್ರೇನುಗಳು ಕುಸಿದವು. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದ ಮೇಲ್ಛಾವಣಿಗೆ ಹಾನಿಯಾಯಿತು. ದಕ್ಷಿಣ ಮುಂಬಯಿಯಲ್ಲಿ ರಸ್ತೆ ರಸ್ತೆಗೂ ಮರಗಳು ಉರುಳಿದವು. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಗಂಟೆಗೆ 62 ಕಿ.ಮೀ. ದಾಟಿದ ಗಾಳಿಯಿರುವ ಸುಳಿಗೆ ಚಂಡಮಾರುತ, 89 ದಾಟಿದರೆ ತೀವ್ರ ಚಂಡಮಾರುತ ಎಂಬ ದರ್ಜೆ ಸಿಗುತ್ತದೆ. ಆ ದರ್ಜೆಗೆ ನೋಡುವುದು ನಿರಂತರವಾಗಿ ಬೀಸುವ ವೇಗವನ್ನು. ಕೊಲಾಬಾದ 106 ಕ್ಷಣಕಾಲದ ಹೊಡೆತ. ಆದರೆ ಸಡಿಲವಾದ ತಗಡನ್ನು ಕೀಳಲು ಕ್ಷಣಕಾಲವೇ ಸಾಕು.

ಅದರ ಹಿಂದಿನ ದಿನ, ಆಗಸ್ಟ್ 4ರ ಮುಂಜಾನೆ, ಕಾಂದಿವಲಿಯ ಬಳಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಪಕ್ಕದ ಗುಡ್ಡ ಕುಸಿದು ಬಂಡೆ ಮಣ್ಣು ರಸ್ತೆಗೆ ಬಂದಿತ್ತು. ಕುಸಿತಕ್ಕೆ ಮಳೆ ಕಾರಣ, ಗಾಳಿಯಲ್ಲ. ಆದರೆ ಮುಂಗಾರಿನಲ್ಲಿ ಇವೆರಡೂ ಒಂದೇ ಪ್ರವಾಹದ ಮಕ್ಕಳು. ಸಮುದ್ರದ ಮೇಲಿನ ಗಾಳಿ ಜೋರಾದಷ್ಟೂ ಅದು ಹೊತ್ತು ತರುವ ನೀರು ಹೆಚ್ಚು. ಅದನ್ನು ತಡೆದು ಮೇಲಕ್ಕೆ ತಳ್ಳಲು ಗುಡ್ಡಗಳು ಸಿದ್ಧವಾಗಿಯೇ ಇರುತ್ತವೆ.

ದೂರದಿಂದ ಹಾದುಹೋದ ತೌಕ್ತೆ

2021ರ ಮೇ 17. ತೌಕ್ತೆ ಮುಂಬಯಿಯ ನೆಲ ಮುಟ್ಟಲೇ ಇಲ್ಲ. ಸುಮಾರು ನೂರೈವತ್ತು ಕಿ.ಮೀ. ದೂರದ ಕಡಲಿನಲ್ಲೇ ಉತ್ತರಕ್ಕೆ ಸಾಗಿ ಆ ರಾತ್ರಿ ಗುಜರಾತಿನ ಕರಾವಳಿ ದಾಟಿತು. ಅಷ್ಟು ದೂರದಿಂದಲೇ ಕೊಲಾಬಾದಲ್ಲಿ 114 ಕಿ.ಮೀ. ವೇಗದ ಹೊಡೆತ ದಾಖಲಾಯಿತು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 230 ಮಿ.ಮೀ. ಮಳೆ ಸುರಿದು ಮೇ ತಿಂಗಳ ಹಳೆಯ ದಾಖಲೆ ಅಳಿಯಿತು. ವಿಮಾನ ನಿಲ್ದಾಣ ಬೆಳಗಿನಿಂದ ರಾತ್ರಿಯವರೆಗೆ ಮುಚ್ಚಿತ್ತು, ಬಾಂದ್ರಾ-ವರ್ಲಿ ಸೇತುವೆಯೂ ಬಂದ್. ನಗರದಲ್ಲಿ ಉರುಳಿದ ಮರಗಳ ಲೆಕ್ಕ ಎರಡು ಸಾವಿರ ದಾಟಿತು.

ಕೋವಿಡ್ ಎರಡನೇ ಅಲೆಯ ನಡುವೆ ಬಂದ ಗಾಳಿ ಅದು. ಬಾಂದ್ರಾ-ಕುರ್ಲಾ ಸಂಕೀರ್ಣ, ಮುಲುಂಡ್ ಮತ್ತು ಕಾಂದಿವಲಿಗೆ ಹತ್ತಿರದ ದಹಿಸರ್‌ನಲ್ಲಿ ಡೇರೆಗಳಂತೆ ಕಟ್ಟಿದ್ದ ತಾತ್ಕಾಲಿಕ ಕೋವಿಡ್ ಕೇಂದ್ರಗಳಿಂದ 580 ರೋಗಿಗಳನ್ನು ಮುಂಚಿತವಾಗಿಯೇ ಬೇರೆ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಆ ಕೇಂದ್ರಗಳ ಛಾವಣಿ ಗಾಳಿಯನ್ನು ತಡೆಯದೇ ಹೋಗಬಹುದೆಂದು ಯಾರೋ ಸಕಾಲದಲ್ಲಿ ಲೆಕ್ಕ ಹಾಕಿದ್ದರು. ಆ ವಾರದ ಸುದ್ದಿಗಳ ನಡುವೆ ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ.

ಕಡಲಿನಲ್ಲಿ ಆ ಲೆಕ್ಕ ತಪ್ಪಿತ್ತು. ಮುಂಬಯಿಯಿಂದ ಸುಮಾರು 35 ನಾಟಿಕಲ್ ಮೈಲಿ ದೂರದ ತೈಲಕ್ಷೇತ್ರದಲ್ಲಿ ಕಾರ್ಮಿಕರ ವಸತಿಗೆಂದು ಲಂಗರು ಹಾಕಿದ್ದ ಪಿ-305 ಎಂಬ ಬಾರ್ಜಿನಲ್ಲಿ 261 ಜನರಿದ್ದರು. ಅದಕ್ಕೆ ಸ್ವಂತ ಎಂಜಿನ್ನಿನ ಬಲವಿರಲಿಲ್ಲ. ಲಂಗರು ಕಿತ್ತು ತೇಲಿದ ಬಾರ್ಜು ಜನರಿಲ್ಲದ ತೈಲವೇದಿಕೆಯೊಂದಕ್ಕೆ ಬಡಿದು ತೂತಾಗಿ ಮುಳುಗಿತು. ಐಎನ್ಎಸ್ ಕೊಚ್ಚಿ, ಐಎನ್ಎಸ್ ಕೋಲ್ಕತ್ತಾ ಹಡಗುಗಳ ನೌಕಾಪಡೆಯವರು ಅಬ್ಬರದ ಅಲೆಗಳ ನಡುವೆ 180ಕ್ಕೂ ಹೆಚ್ಚು ಜನರನ್ನು ಮೇಲೆತ್ತಿದರು. ಬಾರ್ಜು ಮತ್ತು ವರಪ್ರದಾ ಎಂಬ ಟಗ್ ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು.

ಎರಡು ದಿನ ಮೊದಲು ಇದೇ ಸುಳಿ ಕರ್ನಾಟಕದ ಕರಾವಳಿಯ ಎದುರಿಗಿತ್ತು. ಪಡುಬಿದ್ರಿ ಬಳಿ ಟಗ್ ಒಂದು ಮಗುಚಿ ಪ್ರಾಣಹಾನಿಯಾಯಿತು. ಮೂಲ್ಕಿ ಕಡೆಯ ಬಂಡೆಗಳಿಗೆ ಸಿಕ್ಕಿಕೊಂಡ ಕೋರಮಂಡಲ್ ಸಪೋರ್ಟರ್-9 ಎಂಬ ಇನ್ನೊಂದು ಟಗ್ಗಿನಲ್ಲಿ ಒಂಬತ್ತು ಜನ ಅಲೆಗಳ ಹೊಡೆತದ ನಡುವೆ ಕಾದಿದ್ದರು. ಮೇ 17ರಂದು ಕೋಸ್ಟ್ ಗಾರ್ಡ್ ಹಡಗು ವರಾಹ ಮತ್ತು ನೌಕಾಪಡೆಯ ಹೆಲಿಕಾಪ್ಟರು ಸೇರಿ ಒಂಬತ್ತೂ ಜನರನ್ನು ಉಳಿಸಿದವು. ಆ ಕರಾವಳಿಯ ಊರಿನ ಮನೆಯಿಂದ ಕಾಂದಿವಲಿಗೆ, ಕಾಂದಿವಲಿಯಿಂದ ಊರಿಗೆ ಫೋನು ಹೊಡೆದು ಅಲ್ಲಿ ಗಾಳಿ ಹೇಗಿದೆ ಎಂದು ವಿಚಾರಿಸಿದ ಮನೆಗಳು ಆ ವಾರ ಸಾಕಷ್ಟಿದ್ದವು.

49, 87, 158

ಇನ್ನು ಆರಂಭದಲ್ಲಿ ಹೇಳಿದ, ಅತಿ ದೊಡ್ಡ ಸಾವುನೋವು ತಂದ ಹೆಸರಿಲ್ಲದ ಆ ಗಾಳಿ. 2024ರ ಮೇ 13, ಸೋಮವಾರ, ಸಂಜೆ ನಾಲ್ಕೂವರೆಯ ಆಸುಪಾಸು. ಧೂಳಿನ ಗೋಡೆಯೊಂದು ನಗರದ ಮೇಲೆ ಹಾದುಹೋಯಿತು. ವಿಮಾನ ನಿಲ್ದಾಣ 66 ನಿಮಿಷ ಸ್ತಬ್ಧ. ವಡಾಲಾದಲ್ಲಿ ವಾಹನ ನಿಲ್ಲಿಸುವ ಉಕ್ಕಿನ ಗೋಪುರವೊಂದು ರಸ್ತೆಯ ಮೇಲೆ ಬಿತ್ತು. ಘಾಟ್ಕೋಪರ್‌ನ ಛೇಡಾ ನಗರದಲ್ಲಿ ಪೆಟ್ರೋಲ್ ಪಂಪಿನ ಮೇಲೆ ದೈತ್ಯ ಜಾಹೀರಾತು ಫಲಕ ಕುಸಿಯಿತು. ಮಳೆಯಿಂದ ತಪ್ಪಿಸಿಕೊಳ್ಳಲು ಪಂಪಿನ ಕೆಳಗೆ ನಿಂತವರು, ಪೆಟ್ರೋಲಿಗೆ ಸಾಲು ನಿಂತವರು ಅದರಡಿ ಸಿಲುಕಿದರು. 17 ಜನ ಸತ್ತರು, 70ಕ್ಕೂ ಹೆಚ್ಚು ಜನ ಗಾಯಗೊಂಡರು.

ಫಲಕದ ಅಳತೆ 120 ಅಡಿಗೆ 120 ಅಡಿ. ಪಾಲಿಕೆ ಒಪ್ಪುವ ಗರಿಷ್ಠ ಅಳತೆ 40ಕ್ಕೆ 40. ಉದ್ದ ಅಗಲ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು. ರೈಲ್ವೆ ಪೊಲೀಸರ ಅಧೀನದ ಜಾಗದಲ್ಲಿದ್ದುದರಿಂದ ಅದಕ್ಕೆ ತನ್ನ ಅನುಮತಿಯೇ ಇರಲಿಲ್ಲ ಎಂದು ಪಾಲಿಕೆ ಹೇಳಿತು. ಯಾರ ಜಾಗ, ಯಾರ ಸಹಿ ಎಂಬ ವಾದ ನಡೆಯುತ್ತಲೇ ಹೋಯಿತು. ಅದಕ್ಕಿಂತ ಸರಳವಾದ ಸತ್ಯವನ್ನು ಮಾಟುಂಗಾದ ವಿಜೆಟಿಐ ಎಂಜಿನಿಯರಿಂಗ್ ಸಂಸ್ಥೆಯ ವರದಿ ಮೂರು ಅಂಕಿಗಳಲ್ಲಿ ಹೇಳಿತು. ಆ ಫಲಕದ ಅಡಿಪಾಯ ತಡೆಯಬಲ್ಲದ್ದು ಗಂಟೆಗೆ 49 ಕಿ.ಮೀ. ವೇಗದ ಗಾಳಿಯನ್ನು. ಆ ದಿನ ಬೀಸಿದ್ದು 87. ತಡೆಯಬೇಕಾಗಿದ್ದದ್ದು 158.

ಈ 158 ಎಲ್ಲಿಂದ ಬಂತು? ಕಟ್ಟಡಗಳ ಮೇಲಿನ ಗಾಳಿಯ ಹೊರೆ ಕುರಿತ ಭಾರತೀಯ ಮಾನಕ, ಐಎಸ್ 875ರ ಮೂರನೇ ಭಾಗ, ದೇಶವನ್ನು ಗಾಳಿಯ ವಲಯಗಳಾಗಿ ವಿಂಗಡಿಸಿ ಪ್ರತಿ ಊರಿಗೂ ಒಂದು ಮೂಲವೇಗ ಕೊಟ್ಟಿದೆ. ಐವತ್ತು ವರ್ಷಕ್ಕೊಮ್ಮೆ ಬರಬಹುದಾದ, ಮೂರು ಸೆಕೆಂಡು ಬೀಸುವ ಹೊಡೆತದ ವೇಗ ಅದು. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಮುಂಬಯಿಗೆ 44, ಚೆನ್ನೈಗೆ 50. ಮುಂಬಯಿಯ 44 ಮೀಟರನ್ನು ಗಂಟೆಯ ಲೆಕ್ಕಕ್ಕೆ ತಿರುಗಿಸಿದರೆ 158 ಕಿಲೋಮೀಟರ್.

ಗಾಳಿಯ ಗಣಿತದಲ್ಲಿ ಜನ ಮರೆಯುವ ಒಂದು ಸಂಗತಿಯಿದೆ. ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಮಾನಕ ಕೊಡುವ ಸೂತ್ರದಲ್ಲೇ ಲೆಕ್ಕ ಹಾಕಿದರೆ 49 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಹೇರುವುದು ಸುಮಾರು 11 ಕಿಲೋ ಭಾರ. 87ಕ್ಕೆ ಅದು 36 ಕಿಲೋ. 158ಕ್ಕೆ 118 ಕಿಲೋ. ಛೇಡಾ ನಗರದ ಫಲಕದ ಇಡೀ ಮೈಗೆ ಅನ್ವಯಿಸಿದರೆ ಆ ಸಂಜೆ ಅದನ್ನು ದೂಡುತ್ತಿದ್ದದ್ದು ಹತ್ತಿರ ಹತ್ತಿರ 48 ಟನ್. ಅಷ್ಟು ದೊಡ್ಡ ಹಾಯಿಯನ್ನು ಹೈವೇಯ ಬದಿಗೆ ನಿಲ್ಲಿಸಿದವರು ಹಾಯಿದೋಣಿ ಕಟ್ಟುವವರಿಗಿರುವ ಭಯದ ಕಾಲುಭಾಗವನ್ನೂ ಇಟ್ಟುಕೊಳ್ಳದೆ ಹೋದರು.

ತಗಡು, ಗಾಜು, ಕ್ರೇನು

ದಾಮೂ ನಗರದಂಥ ಬಡಾವಣೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಪತ್ರಾ, ಅಂದರೆ ಛಾವಣಿಯ ತಗಡು, ಬಿಗಿಮಾಡುವುದು, ತಾಡಪತ್ರಿ ಹೊದಿಸುವುದು ವರ್ಷದ ಕೆಲಸ. ಹಾರದಿರಲೆಂದು ತಗಡಿನ ಮೇಲೆ ಕಲ್ಲು, ಇಟ್ಟಿಗೆ, ಹಳೆಯ ಟಯರು ಹೇರುತ್ತಾರೆ. ಆದರೆ ಗಾಳಿ ಛಾವಣಿಯನ್ನು ಮೇಲಿನಿಂದ ಒತ್ತುವುದಿಲ್ಲ. ಛಾವಣಿಯ ಮೇಲೆ ವೇಗವಾಗಿ ಹರಿಯುವಾಗ ಅಲ್ಲಿನ ಒತ್ತಡ ತಗ್ಗಿ ತಗಡನ್ನು ಮೇಲಕ್ಕೆ ಹೀರುತ್ತದೆ. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಎಂಟು ಅಡಿಗೆ ಮೂರು ಅಡಿಯ ಒಂದು ತಗಡನ್ನು 87 ಕಿ.ಮೀ. ಗಾಳಿ ಎತ್ತುವ ಬಲ ಎಂಬತ್ತು ಕಿಲೋದಷ್ಟಿರಬಹುದು, ತಗಡಿನ ತೂಕ ಹತ್ತು ಕಿಲೋ ಆಸುಪಾಸು. ನಾಲ್ಕು ಇಟ್ಟಿಗೆ ಅದನ್ನು ಹಿಡಿದು ನಿಲ್ಲಿಸುವುದಿಲ್ಲ, ತಾವೂ ಅದರ ಜೊತೆ ಹಾರಿ ಬೀದಿಗೆ ಬೀಳುತ್ತವೆ. ಅಡ್ಡಪಟ್ಟಿಗೆ ಕೊಕ್ಕೆ ಬೋಲ್ಟು ಹಾಕಿ ಬಿಗಿಯುವುದೇ ಸರಿಯಾದ ದಾರಿ. ಅದಕ್ಕೆ ದುಡ್ಡು ಬೇಕು, ಮನೆ ನಾಳೆಯೂ ಅಲ್ಲೇ ಇರುತ್ತದೆಂಬ ಭರವಸೆಯೂ ಬೇಕು. ಝೋಪಡಪಟ್ಟಿಯಲ್ಲಿ ಎರಡನೆಯದು ಇನ್ನೂ ದುರ್ಲಭ.

ಎತ್ತರದ ಕಟ್ಟಡಗಳಲ್ಲಿ ತೊಂದರೆ ಬೇರೆ ಬಗೆಯದು. ನೆಲದ ಹತ್ತಿರ ಮನೆ, ಮರ, ಗೋಡೆಗಳು ಗಾಳಿಯ ಕಾಲು ಹಿಡಿಯುತ್ತವೆ. ಮೇಲೆ ಹೋದಂತೆ ಆ ಹಿಡಿತ ಸಡಿಲುತ್ತದೆ. ಕೆಳಗೆ ರಿಕ್ಷಾದವನಿಗೆ ಹಿತವಾದ ಗಾಳಿ ಮೂವತ್ತನೇ ಮಹಡಿಯಲ್ಲಿ ಬಾಗಿಲನ್ನು ಧಡಾರನೆ ಹೊಡೆಯಬಲ್ಲದು. ಟವರಿಗೆ ಬಡಿದ ಗಾಳಿಯ ಒಂದು ಪಾಲು ಗೋಡೆಗುಂಟ ಕೆಳಗಿಳಿದು ಮೂಲೆಗಳಲ್ಲಿ, ಎರಡು ಟವರುಗಳ ನಡುವಿನ ಓಣಿಯಲ್ಲಿ ಇನ್ನಷ್ಟು ಜೋರಾಗುತ್ತದೆ. ಕಿಟಕಿಯ ಹೊರಗೆ ಗ್ರಿಲ್ಲಿನ ಮೇಲಿಟ್ಟ ತುಳಸಿ ಕುಂಡ, ಎಸಿಯ ಹೊರಭಾಗ, ಟೆರೇಸಿನ ಡಿಶ್ ಆಂಟೆನಾ, ಸೌರ ಫಲಕ, ಗಣಪತಿಗೋ ನವರಾತ್ರಿಗೋ ಕಟ್ಟಿ ಬಿಚ್ಚದೆ ಉಳಿದ ಬ್ಯಾನರು, ಇವು ಯಾವುವೂ ಎಂಜಿನಿಯರಿನ ನಕ್ಷೆಯಲ್ಲಿರುವುದಿಲ್ಲ. ಬ್ಯಾನರಿನ ಒಂದು ತುಂಡು ಓವರ್‌ಹೆಡ್ ತಂತಿಗೆ ಸುತ್ತಿಕೊಂಡರೆ ಲೋಕಲ್ ರೈಲು ನಿಲ್ಲಲು ಸಾಕು. ಕಾಂದಿವಲಿಯ ಮೇಲೆ ಓಡುವ ಮೆಟ್ರೊ ಮಾರ್ಗಗಳಲ್ಲಿ ಗಾಳಿಯ ವೇಗ ಅಳೆಯುವ ಉಪಕರಣ ಕೂರಿಸಿರುವುದು ಎತ್ತರದ ಹಳಿಯ ಮೇಲೆ ಯಾವಾಗ ನಿಧಾನಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ತಿಳಿಯಲು.

ಹಳೆಯ ಸೊಸೈಟಿಗಳನ್ನು ಕೆಡವಿ ಟವರು ಕಟ್ಟುವ ಕೆಲಸ ಉಪನಗರದ ಉದ್ದಕ್ಕೂ ನಡೆದಿದೆ. ಕೆಲಸ ಮುಗಿದ ಮೇಲೆ ಅಲ್ಲಿನ ಗೋಪುರ ಕ್ರೇನಿನ ಉದ್ದನೆಯ ಕೈ ಗಾಳಿ ಬಂದ ಹಾಗೆ ತಾನೇ ತಿರುಗುವುದನ್ನು ಕಂಡು ಎದುರು ಮನೆಯವರು ಗಾಬರಿಯಾಗುವುದುಂಟು. ಅದು ಹಾಗೆಯೇ ತಿರುಗಬೇಕು. ಬ್ರೇಕು ಬಿಟ್ಟು ಸ್ವತಂತ್ರವಾಗಿ ನಿಲ್ಲಿಸಿದಾಗ ಕ್ರೇನು ಗಾಳಿಗೆ ತನ್ನ ತೆಳ್ಳನೆಯ ಮೈ ಒಡ್ಡುತ್ತದೆ. ಕಟ್ಟಿಹಾಕಿದರೆ ಅಡ್ಡ ಬೀಸಿದ ಗಾಳಿಯ ಪೂರ್ತಿ ಹೊಡೆತ ಬುಡಕ್ಕೆ ಬೀಳುತ್ತದೆ. ಭಯಪಡಬೇಕಾದದ್ದು ಬಿದಿರಿನ ಅಟ್ಟಣಿಗೆಗೆ ಬಿಗಿದ ಹಸಿರು ಬಲೆಗೆ. ಧೂಳು ತಡೆಯಲೆಂದು ಕಟ್ಟಿದ ಬಲೆ ಗಾಳಿಯನ್ನೂ ಹಿಡಿದು ಅಟ್ಟಣಿಗೆಯನ್ನೇ ಎಳೆಯಬಲ್ಲದು.

ಬೇರಿಗೆ ಜಾಗವಿಲ್ಲದ ಮರ

ಪಾಲಿಕೆಯ ಗಣತಿಯ ಪ್ರಕಾರ ಮುಂಬಯಿಯಲ್ಲಿ 29.75 ಲಕ್ಷ ಮರಗಳಿವೆ. ಗಾಳಿಗೆ ಬೀಳುವವುಗಳಲ್ಲಿ ಗುಲ್‌ಮೊಹರ್, ರೇನ್‌ಟ್ರೀಯಂಥ ಹೊರನಾಡಿನ ಮರಗಳು ಎದ್ದು ಕಾಣುತ್ತವೆ. ಬೇಗ ಬೆಳೆದು ದೊಡ್ಡ ಕೊಡೆ ಹರಡುತ್ತವೆ, ಬೇರು ಮಾತ್ರ ಮೇಲುಮೇಲಕ್ಕೆ ಓಡುತ್ತದೆ. ದೋಷವನ್ನೆಲ್ಲ ಮರದ ಜಾತಿಯ ಮೇಲೆ ಹಾಕುವುದು ಅನ್ಯಾಯ. ಬುಡಕ್ಕೆ ಒತ್ತಿ ಪೇವರ್ ಬ್ಲಾಕು ಜೋಡಿಸಿ, ಸಿಮೆಂಟು ಸುರಿದು, ವರ್ಷಕ್ಕೊಮ್ಮೆ ಕೇಬಲ್ಲಿಗೆ, ಚರಂಡಿಗೆ, ಕಾಂಕ್ರೀಟ್ ರಸ್ತೆಗೆಂದು ಒಂದು ಬದಿಯ ಬೇರನ್ನೇ ಕತ್ತರಿಸಿದರೆ ಅರಳಿಮರವೂ ನಿಲ್ಲಲಾರದು. ಬುಡದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಬಿಡಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿಯ ಮರಗಳಿಗಾಗಿ 2013ರಲ್ಲೇ ಹೇಳಿತ್ತು.

2017ರ ಜುಲೈನಲ್ಲಿ ಚೆಂಬೂರಿನಲ್ಲಿ ಬೆಳಗಿನ ಹೊತ್ತು ರಸ್ತೆಯಲ್ಲಿ ನಡೆಯುತ್ತಿದ್ದ ಮಹಿಳೆಯೊಬ್ಬರ ಮೇಲೆ ತೆಂಗಿನ ಮರ ಬಿದ್ದು ಅವರು ಸತ್ತರು. ಸಿಸಿಟಿವಿಯ ಆ ದೃಶ್ಯ ಇಡೀ ನಗರ ನೋಡಿತು. ರಸ್ತೆಬದಿಯ ಮರ ಪಾಲಿಕೆಯದು. ಸೊಸೈಟಿಯ ಕಂಪೌಂಡಿನೊಳಗಿನ ಮರದ ಹೊಣೆ ಸೊಸೈಟಿಯದು. ಹಾಗೆಂದು ತಾವಾಗಿಯೇ ಕೊಡಲಿ ಎತ್ತುವಂತಿಲ್ಲ. ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಪಾಲಿಕೆಯ ಅನುಮತಿ ಬೇಕು, ಟೊಂಗೆ ಸವರುವ ಖರ್ಚೂ ಸೊಸೈಟಿಯದೇ. ಈ ಅರ್ಜಿ ಮೇ ಕೊನೆಯ ವಾರದಲ್ಲಿ ನೆನಪಾದರೆ ಅನುಮತಿ ಬರುವಷ್ಟರಲ್ಲಿ ಮರವೇ ತೀರ್ಮಾನ ತೆಗೆದುಕೊಂಡಿರುತ್ತದೆ.

ಬಿಸಿಲಿದ್ದಾಗಲೂ ಕಡಲು

ಗಾಳಿ ಎಲ್ಲೋ ಬೀಸಿ ಅಲೆಯನ್ನು ಇಲ್ಲಿಗೆ ಕಳಿಸುತ್ತದೆ. 2023ರ ಜೂನ್ 12ರಂದು ಬಿಪರ್‌ಜಾಯ್ ನೂರಾರು ಕಿಲೋಮೀಟರ್ ದೂರದಲ್ಲಿತ್ತು. ಗುಜರಾತಿನ ಜಖಾವು ಬಂದರಿನ ಬಳಿ ಅದು ನೆಲ ಹತ್ತಿದ್ದು ಮೂರು ದಿನದ ನಂತರ. ಆ ಸಂಜೆ ಜುಹೂ ಕಡಲಿಗೆ ಇಳಿದ ನಾಲ್ವರು ಹುಡುಗರು ಮುಳುಗಿ ಸತ್ತರು. ಒಂದು ತಿಂಗಳ ಬಳಿಕ ಕಾಂದಿವಲಿಗೆ ಇನ್ನೂ ಹತ್ತಿರದ ಮಾರ್ವೆಯಲ್ಲಿ ಮೂವರು ಹುಡುಗರು ನೀರುಪಾಲಾದರು. ಖಾಡಿಯ ಬಾಯಿಯಲ್ಲಿ ಇಳಿತದ ನೀರು ಹೊರಕ್ಕೆ ಎಳೆಯುವಾಗ ಗಾಳಿ ಅಲೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಮೇಲಿನಿಂದ ನೋಡಿದವರಿಗೆ ಅದು ಆಟದ ನೀರಿನಂತೆಯೇ ಕಾಣುತ್ತದೆ.

ಮನೋರಿ, ಗೊರಾಯಿ, ಮಾರ್ವೆ, ಭಾಟಿಯ ಕೋಲಿ ಸಮುದಾಯದ ಮೀನುಗಾರರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ನಿಷೇಧ. ಮೀನಿನ ಮರಿಗಾಗಿ ತಂದ ನಿಯಮ ಅದು, ಮೀನುಗಾರರ ಜೀವಕ್ಕೂ ಕಾವಲು. ಕಾನೂನು ಆಗಸ್ಟ್ ಒಂದಕ್ಕೇ ಬಿಟ್ಟರೂ ಗಾಳಿ ತಗ್ಗುವುದನ್ನು ನೋಡಿ, ನಾರಳಿ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿಯೇ ಹೊರಡುವವರು ಅವರಲ್ಲಿ ಅನೇಕರು. ಮಲ್ಪೆ, ಗಂಗೊಳ್ಳಿಯ ಸಮುದ್ರಪೂಜೆಯನ್ನು ಕಂಡವರಿಗೆ ಈ ಆಚರಣೆ ಅಪರಿಚಿತವೆನಿಸದು.

1882ರ ಇಲ್ಲದ ತೂಫಾನು

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ 1882ರ ಜೂನಿನಲ್ಲಿ ಮಹಾ ಚಂಡಮಾರುತವೊಂದು ಮುಂಬಯಿಯಲ್ಲಿ ಒಂದು ಲಕ್ಷ ಜನರನ್ನು ಕೊಂದಿತೆಂಬ ಮಾಹಿತಿ ಇಂದಿಗೂ ಸಿಗುತ್ತದೆ. ಅಂಥದ್ದೇನೂ ನಡೆದಿರಲಿಲ್ಲ. ಕಾದಂಬರಿಕಾರ ಅಮಿತಾವ್ ಘೋಷ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಆ್ಯಡಂ ಸೋಬೆಲ್ ದಾಖಲೆಗಳನ್ನು ಜಾಲಾಡಿದಾಗ ಆ ಕಾಲದ ಪತ್ರಿಕೆಗಳಲ್ಲಿ ಅದರ ಸುಳಿವೇ ಸಿಗಲಿಲ್ಲ. ಕೊಲಾಬಾ ವೀಕ್ಷಣಾಲಯ 1826ರಿಂದಲೂ ಇತ್ತು. ಒಂದು ಲಕ್ಷ ಜನ ಸತ್ತ ಗಾಳಿಯನ್ನು ಅದು ಗಮನಿಸದೆ ಬಿಡುವಂತಿರಲಿಲ್ಲ. ನಡೆಯದ ತೂಫಾನನ್ನು ನೆನಪಿಟ್ಟುಕೊಂಡ ನಗರ, ನಿಜವಾಗಿ ಬೀಸಿದ 1948ರ ನವೆಂಬರಿನ ಚಂಡಮಾರುತವನ್ನು ಮರೆತೇಬಿಟ್ಟಿದೆ.

ನೇರವಾಗಿ ಅಪ್ಪಳಿಸಿದ ಸುಳಿಗಳು ಮುಂಬಯಿಗೆ ಕಡಿಮೆ ಎಂಬುದು ನಿಜ. ಅರಬ್ಬೀ ಸಮುದ್ರದ ಸುಳಿಗಳು ಹೆಚ್ಚಾಗಿ ಒಮಾನಿನ ಕಡೆಗೋ ಗುಜರಾತಿನ ಕಡೆಗೋ ಹೊರಳುತ್ತವೆ. ಆದರೆ ಈ ಸಮುದ್ರದ ನೀರು ಬಿಸಿಯಾಗುತ್ತಿದೆ, ಇಲ್ಲಿ ಏಳುವ ಸುಳಿಗಳ ಬಲ ಈಚಿನ ದಶಕಗಳಲ್ಲಿ ಹೆಚ್ಚಿದೆ ಎಂಬುದರಲ್ಲಿ ಹವಾಮಾನ ತಜ್ಞರಿಗೆ ಅನುಮಾನವಿಲ್ಲ.

ಮೂರು ಗಂಟೆಯ ಸೂಚನೆ

ಚಂಡಮಾರುತದ ಸುದ್ದಿ ಈಗ ನಾಲ್ಕೈದು ದಿನ ಮೊದಲೇ ಬರುತ್ತದೆ. ಮೇ ಸಂಜೆಯ ಗಾಳಿಗೆ ಅಷ್ಟು ಪುರುಸೊತ್ತಿಲ್ಲ. ಮೋಡ ಹುಟ್ಟಿ, ಬೆಳೆದು, ಕುಸಿಯುವುದೆಲ್ಲ ಎರಡು ಮೂರು ಗಂಟೆಯ ಕಥೆ. ಅದನ್ನು ಹಿಡಿಯಬಲ್ಲದ್ದು ಮುಖ್ಯವಾಗಿ ರಾಡಾರು. ಕೊಲಾಬಾದ ಹಳೆಯ ಡಾಪ್ಲರ್ ರಾಡಾರಿಗೆ ಜೊತೆಯಾಗಿ 2022ರ ಜನವರಿಯಲ್ಲಿ ಅಂಧೇರಿ ಬಳಿಯ ವೆರಾವಲಿಯಲ್ಲಿ ಇನ್ನೊಂದು ಶುರುವಾಯಿತು. ಮುಂದಿನ ಮೂರು ಗಂಟೆಗಳಲ್ಲಿ ಠಾಣೆ, ಪಾಲ್ಘರ್, ಮುಂಬಯಿಯಲ್ಲಿ ಗುಡುಗು, ರಭಸದ ಗಾಳಿ ಎಂದು ಹವಾಮಾನ ಇಲಾಖೆ ಕೊಡುವ ತತ್‌ಕ್ಷಣದ ಸೂಚನೆಗೆ ಇವೇ ಕಣ್ಣು. ಕಡಲಿನವರಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಬಂದರುಗಳಲ್ಲಿ ಒಂದರಿಂದ ಹನ್ನೊಂದರವರೆಗಿನ ಎಚ್ಚರಿಕೆ ಸಂಕೇತ ಏರಿಸುತ್ತಾರೆ. ನೆಲದ ಮೇಲೆ, ಪೆಟ್ರೋಲ್ ಪಂಪಿನ ಕೆಳಗೆ ಮಳೆಗೆ ನಿಂತವನಿಗೆ ಏರಿಸುವ ಸಂಕೇತ ಇನ್ನೂ ಇಲ್ಲ. ಮೊಬೈಲಿಗೆ ಬರುವ ಸಂದೇಶವೇ ಗತಿ.

ಸಂದೇಶ ಬಂದ ಮೇಲೆ ಮಾಡಬೇಕಾದದ್ದು ಸ್ವಲ್ಪವೇ. ಕಿಟಕಿಯ ಹೊರಗಿನ ಕುಂಡ ಒಳಗೆ ತರುವುದು, ಟೆರೇಸಿನ ಸಡಿಲ ಸಾಮಾನು ಕಟ್ಟುವುದು, ಫಲಕದ, ಮರದ, ಅರೆಕಟ್ಟಿದ ಗೋಡೆಯ ಕೆಳಗೆ ನಿಲ್ಲದಿರುವುದು, ಅಲ್ಲಿ ಬೈಕು ನಿಲ್ಲಿಸದಿರುವುದು, ಬಿದ್ದ ತಂತಿಯನ್ನು ಮುಟ್ಟದೆ ಪಾಲಿಕೆಯ 1916ಕ್ಕೆ ಫೋನು ಮಾಡುವುದು. ಆ ಕಾಲು ಗಂಟೆಯಲ್ಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿಗಿಂತ ಗಟ್ಟಿ ಕಟ್ಟಡದ ಒಳಗೆ ನಿಲ್ಲುವುದು ಲೇಸು.

ಗಾಳಿಯ ಋತು ಮುಂಗಾರಿನ ಜೊತೆಗೆ ಮುಗಿಯುತ್ತದೆ ಎಂದುಕೊಳ್ಳುವವರು ಹಲವರು. ಅಕ್ಟೋಬರಿನ ಸೆಕೆಯ ಬಳಿಕ ತಾಡಪತ್ರಿಗಳು ಮಡಚಿ ಮಾಳಿಗೆ ಸೇರುತ್ತವೆ, ದೋಣಿಗಳೆಲ್ಲ ಕಡಲಿನಲ್ಲಿರುತ್ತವೆ. ಆದರೆ ಅರಬ್ಬೀ ಸಮುದ್ರಕ್ಕೆ ಸುಳಿಯ ಕಾಲ ವರ್ಷಕ್ಕೆ ಎರಡು: ಮುಂಗಾರಿಗೆ ಮೊದಲು ಒಂದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು. ಓಖಿ ಮುಂಬಯಿಯ ಎದುರಿನ ಕಡಲು ದಾಟಿದ್ದು 2017ರ ಡಿಸೆಂಬರ್ ಮೊದಲ ವಾರದಲ್ಲಿ. ಫ್ಯಾನ್ ಚಂಡಮಾರುತ ಅಲಿಬಾಗ್ ಮತ್ತು ಮುಂಬಯಿಯ ನಡುವೆ ನೆಲ ಹತ್ತಿದ್ದು 2009ರ ನವೆಂಬರ್ 11ರ ಮಧ್ಯಾಹ್ನ. ಮೀನುಗಾರಿಕೆಯ ಭರ್ತಿ ಹಂಗಾಮಿನಲ್ಲಿ ಕೊಂಕಣ ಕರಾವಳಿಯಿಂದ ಆ ವಾರ ಕಡಲಿಗೆ ಹೋದವರಲ್ಲಿ ಹಲವರು ಮರಳಲಿಲ್ಲ.